ರೂಪನಾಶದ ಶೋಕವು ಮೋಹವೇ?

ದೀರ್ಘರೋಗದಿಂದ ಪೀಡಿತರಾದವರ ದುಃಖವು ಎರಡು ಬಗೆಯಾಗಿರುತ್ತದೆ. ಮೊದಲನೆಯದು ಪ್ರಾಣಕ್ಕೂ ಅಂಗಾಂಗಗಳಿಗೂ ಸಂಬಂಧಿಸಿದುದು. ಇದನ್ನು ಲೋಕವು ದುಃಖವೆಂದೇ ಒಪ್ಪಿ ಕನಿಕರ ತೋರುತ್ತದೆ. ಎರಡನೆಯದು ಉದುರಿದ ಕೂದಲಿಗೂ ಕಲೆಗಟ್ಟಿದ ಚರ್ಮಕ್ಕೂ ಸಂಬಂಧಿಸಿದುದು. ಇದನ್ನು ಲೋಕವು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. “ಪ್ರಾಣ ಉಳಿಯಿತಲ್ಲ, ಕೂದಲು ಹೋದರೇನು?” ಎಂಬ ಮಾತು ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಹಾಗೆನ್ನುವವರು ಬಹುಮಟ್ಟಿಗೆ ಸಜ್ಜನರೇ. ಸಮಾಧಾನ ಹೇಳಬೇಕೆಂಬುದೇ ಅವರ ಉದ್ದೇಶ. ಆದರೆ ಆ ಮಾತನ್ನು ಒಮ್ಮೆ ಕೇಳಿದ ರೋಗಿಯು ಅಂದಿನಿಂದ ಆ ದುಃಖವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬಾಗಿಲು ಹಾಕಿಕೊಂಡು ಅನುಭವಿಸುತ್ತಾನೆ. ಆದಕಾರಣ ಈ ಎರಡನೆಯ ದುಃಖವು ಬರಿಯ ಮೋಹವೋ, ಅಥವಾ ನ್ಯಾಯವಾದ ಶೋಕವೋ ಎಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

ವಿಚಾರಕ್ಕೆ ಒಂದು ದೃಷ್ಟಾಂತವು ಬೇಕಷ್ಟೆ. ಲೂಪಸ್ ಎಂಬ ರೋಗವನ್ನು ತೆಗೆದುಕೊಳ್ಳಬಹುದು. ಲ್ಯಾಟಿನ್ ಭಾಷೆಯಲ್ಲಿ ಈ ಶಬ್ದಕ್ಕೆ ತೋಳವೆಂದರ್ಥ. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಹಾದಿ ತಪ್ಪಿ ದೇಹದ ಮೇಲೆ ತಿರುಗಿಬೀಳುವುದು ಇದರ ಸ್ವರೂಪ; ಬೇಲಿಯೇ ಎದ್ದು ಹೊಲವನ್ನು ಮೇಯ್ದಂತೆ. ಇದಕ್ಕೆ ಗುರಿಯಾಗುವವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಸ್ತ್ರೀಯರು. ಅವರಲ್ಲಿಯೂ 15ರಿಂದ 45 ವರ್ಷದೊಳಗಿನವರೇ ಹೆಚ್ಚು. ಕೀಲುಗಳು ನೋಯುತ್ತವೆ, ಆಯಾಸವು ಬಿಡುವುದಿಲ್ಲ, ಕೆಲವರಿಗೆ ಮೂತ್ರಪಿಂಡಗಳೂ ಕೆಡುತ್ತವೆ. ಇವೆಲ್ಲವೂ ಒಳಗಿನ ಹಾನಿ. ಹೊರಗೆ ಕಾಣುವುದು ಬೇರೆ: ಮೂಗಿನ ಮೇಲಿಂದ ಎರಡು ಕೆನ್ನೆಗಳಿಗೂ ಚಿಟ್ಟೆಯ ರೆಕ್ಕೆಗಳಂತೆ ಹರಡಿದ ಕೆಂಪು, ಬಾಚಣಿಗೆಯಲ್ಲಿ, ದಿಂಬಿನಲ್ಲಿ, ಬಚ್ಚಲಿನ ನೀರಿನಲ್ಲಿ ಹಿಡಿಹಿಡಿಯಾಗಿ ಬರುವ ಕೂದಲು. ರೋಗವನ್ನು ಅಡಗಿಸುವುದಕ್ಕಾಗಿ ಕೊಡುವ ಸ್ಟೀರಾಯ್ಡ್ ಔಷಧವು ಪ್ರಾಣವನ್ನು ಕಾಯುವುದು ನಿಜ. ಆದರೆ ಅದೇ ಔಷಧವು ಮುಖವನ್ನು ಊದಿಸಿ ಗುಂಡಗೆ ಮಾಡುತ್ತದೆ, ಮೊಡವೆಗಳನ್ನು ಎಬ್ಬಿಸುತ್ತದೆ. ಹೀಗೆ ಒಂದಿಷ್ಟು ರೂಪವನ್ನು ರೋಗವೂ ಮತ್ತೊಂದಿಷ್ಟನ್ನು ಚಿಕಿತ್ಸೆಯೂ ಹಂಚಿಕೊಂಡು ಒಯ್ಯುತ್ತವೆ.

ಇಲ್ಲಿ ಪೂರ್ವಪಕ್ಷದವರು ಹೀಗೆನ್ನುವರು: “ದೇಹವೇ ಆತ್ಮವಲ್ಲವೆಂದು ಶಾಸ್ತ್ರಗಳು ಸಾರುತ್ತಿರುವಾಗ ದೇಹದ ಮೇಲಿನ ಕೂದಲಿಗಾಗಿ ಅಳುವುದು ಅವಿವೇಕದ ಪರಮಾವಧಿಯಲ್ಲವೆ? ಕ್ಷೌರಿಕನು ಗುಡಿಸಿಹಾಕುವ ಕೂದಲಿಗೆ ಮರುಗುವವರುಂಟೆ? ತಿರುಪತಿಯ ಬೆಟ್ಟವನ್ನೇರಿ ಮುಡಿ ಕೊಟ್ಟು ನಗುಮುಖದಿಂದ ಇಳಿದುಬರುವ ಹೆಂಗಸರು ಎಷ್ಟು ಮಂದಿಯಿಲ್ಲ? ಸಂನ್ಯಾಸಿಯ ಬೋಳುತಲೆಗೆ ಲೋಕವೇ ಬಾಗುತ್ತದೆ. ಕೂದಲಿಲ್ಲದಿರುವುದೇ ದುಃಖವಾಗಿದ್ದಲ್ಲಿ ಇವರೆಲ್ಲರೂ ದುಃಖಿಗಳಾಗಬೇಕಾಗಿತ್ತು. ಆದುದರಿಂದ ದುಃಖವು ಕೂದಲಿನಲ್ಲಿಲ್ಲ, ಮೋಹದಲ್ಲಿದೆ.”

ಈ ವಾದವು ಬಲವಾದದ್ದೇ. ಆದರೆ ಅದರ ದೃಷ್ಟಾಂತಗಳನ್ನೇ ನಿದಾನಿಸಿ ನೋಡಿದರೆ ಉತ್ತರವೂ ಅಲ್ಲಿಯೇ ದೊರೆಯುತ್ತದೆ. ಬೆಟ್ಟದಲ್ಲಿ ಮುಡಿ ಕೊಟ್ಟವಳು ಕೊಟ್ಟಳು. ಸಂನ್ಯಾಸಿಯು ಸಂಕಲ್ಪಪೂರ್ವಕವಾಗಿ ಬಿಟ್ಟನು. ದಾನದಲ್ಲಿಯೂ ತ್ಯಾಗದಲ್ಲಿಯೂ ಕರ್ತೃತ್ವವುಂಟು, ಕೊಟ್ಟವನು ಬಡವನಾಗುವುದಿಲ್ಲ. ಕಳವಿನಲ್ಲಿ ಹೋದ ಹಣವೂ ದಾನವಾಗಿ ಹೋದ ಹಣವೂ ಲೆಕ್ಕದಲ್ಲಿ ಒಂದೇ ಆಗಬಹುದು, ಮನಸ್ಸಿನಲ್ಲಿ ಒಂದಾಗವು. ಇದೇ ನಾಡಿನಲ್ಲಿ ಮೂರನೆಯದೊಂದು ಬೋಳುತಲೆಯೂ ಇದ್ದಿತು. ಗಂಡ ಸತ್ತ ಹೆಣ್ಣಿನ ತಲೆಯನ್ನು, ಆಕೆಯು ಎಳೆಯ ಹುಡುಗಿಯಾಗಿದ್ದರೂ, ಬೋಳಿಸುತ್ತಿದ್ದರು. ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಓದಿದವರಿಗೆ ಆ ಬಾಳನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ಹೋದದ್ದು ಕೂದಲು ಮಾತ್ರವೆಂದು ಯಾರು ಹೇಳಿಯಾರು? ಹಸೆಯ ಮುಂದೆ ನಿಲ್ಲುವ ಹಕ್ಕು, ಹೂ ಮುಡಿಯುವ ಹಕ್ಕು, ಎದುರಿಗೆ ಬಂದರೆ ಅಪಶಕುನವೆನ್ನಿಸಿಕೊಳ್ಳದಿರುವ ಹಕ್ಕು, ಇವೆಲ್ಲವೂ ಅದರೊಡನೆ ಹೋದವು. ಕೂದಲಿಗೆ ಇಷ್ಟೊಂದು ಅರ್ಥವನ್ನು ಕಟ್ಟಿದವರು ಸಮಾಜದವರೇ. ಕಟ್ಟಿದ ಮೇಲೆ, ಅದನ್ನು ಕಳೆದುಕೊಂಡವಳಿಗೆ “ಅದರಲ್ಲಿ ಏನೂ ಅರ್ಥವಿಲ್ಲ” ಎಂದು ವೇದಾಂತ ಹೇಳುವುದು ನ್ಯಾಯವಲ್ಲ.

ಗೌರಿಹಬ್ಬದಲ್ಲಿ ಅರಿಶಿನ ಕುಂಕುಮಕ್ಕೆ ಕರೆದ ಮನೆಯಲ್ಲಿ ರೋಗದಿಂದ ಕೂದಲು ಕಳೆದುಕೊಂಡ ಗೃಹಿಣಿಯೊಬ್ಬಳು ಕುಳಿತಿರುವುದನ್ನು ಊಹಿಸಿಕೊಳ್ಳಬಹುದು. ಸಾಲಾಗಿ ಎಲ್ಲರಿಗೂ ಹೂ ಕೊಡುತ್ತ ಬಂದ ಕೈಯು ಆಕೆಯ ತಲೆಯ ಮೇಲಿನ ಸೆರಗನ್ನು ಕಂಡು ಅರೆಕ್ಷಣ ತಡೆಯುತ್ತದೆ. ಯಾರೂ ಏನೂ ಅನ್ನುವುದಿಲ್ಲ. ಆ ಅರೆಕ್ಷಣವೇ ಆಕೆಯ ದುಃಖ. ಅದನ್ನು ಮೋಹವೆಂದು ಕರೆಯುವುದಾದರೆ, ಮನುಷ್ಯರ ನಡುವೆ ಮನುಷ್ಯಳಾಗಿ ಕುಳಿತಿರಬೇಕೆಂಬ ಆಸೆಯನ್ನೇ ಮೋಹವೆಂದು ಕರೆಯಬೇಕಾಗುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ಮೂತ್ರಪಿಂಡದ ರೋಗವು ರೋಗಿಗೂ ವೈದ್ಯನಿಗೂ ತಿಳಿದಿದ್ದರೆ ಸಾಕು. ಬೇಕಾದವರಿಗೆ ಹೇಳಬಹುದು, ಬೇಡವಾದವರಿಗೆ ಮುಚ್ಚಿಡಬಹುದು. ಚರ್ಮವೂ ಕೂದಲೂ ಹಾಗಲ್ಲ. ಅವು ರೋಗಿಯ ಅಪ್ಪಣೆಯಿಲ್ಲದೆಯೇ ಬೀದಿಯಲ್ಲಿ, ಬಸ್ಸಿನಲ್ಲಿ, ಮದುವೆಯ ಮನೆಯಲ್ಲಿ ಎಲ್ಲರಿಗೂ ಸುದ್ದಿ ಹೇಳಿಬಿಡುತ್ತವೆ. ತನ್ನ ಕಷ್ಟವನ್ನು ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬ ಸ್ವಾತಂತ್ರ್ಯವು ಬಡವನಿಗೂ ಇರುವ ಸಂಪತ್ತು. ರೂಪನಾಶವು ಅದನ್ನೇ ಅಪಹರಿಸುತ್ತದೆ. ಅಪರಿಚಿತರು ನಿಲ್ಲಿಸಿ ಕೇಳುತ್ತಾರೆ. ಅಂಟುರೋಗವೇ ಎಂದು ಶಂಕಿಸಿ ಸರಿದು ಕುಳಿತುಕೊಳ್ಳುತ್ತಾರೆ. ಲೂಪಸ್ ಅಂಟುರೋಗವಲ್ಲ; ಆದರೆ ಸರಿದು ಕುಳಿತವನ ಬೆನ್ನಿಗೆ ಅದನ್ನು ವಿವರಿಸಿ ಹೇಳುವುದು ಹೇಗೆ?

ಶಾಸ್ತ್ರದ ಮಾತನ್ನೆತ್ತಿದ ಮೇಲೆ ವೇದದ ಮಾತನ್ನೂ ನೋಡಬೇಕಾಗುತ್ತದೆ. ಋಗ್ವೇದದ ಎಂಟನೆಯ ಮಂಡಲದ 91ನೆಯ ಸೂಕ್ತವು ಅತ್ರಿವಂಶದ ಅಪಾಲೆ ಎಂಬವಳದು. ಚರ್ಮರೋಗದ ಕಾರಣದಿಂದ ಗಂಡನು ಅವಳನ್ನು ತ್ಯಜಿಸಿದನೆಂದೂ ಅವಳು ತಂದೆಯ ಮನೆಗೆ ಬಂದಿದ್ದಳೆಂದೂ ಸಂಪ್ರದಾಯವು ಹೇಳುತ್ತದೆ. ನೀರಿಗೆ ಹೋಗುವ ದಾರಿಯಲ್ಲಿ ಸಿಕ್ಕಿದ ಸೋಮವನ್ನು ಹಲ್ಲಿನಿಂದಲೇ ಜಗಿದು ಇಂದ್ರನಿಗೆ ಅರ್ಪಿಸಿದಳು. ಒಲಿದ ಇಂದ್ರನಲ್ಲಿ ಅವಳು ಬೇಡಿದ್ದು ಮೋಕ್ಷವನ್ನಲ್ಲ. ಮೂರು ಕಡೆ ಚಿಗುರಬೇಕೆಂದು ಬೇಡಿದಳು: ತಂದೆಯ ಬೋಳುತಲೆಯಲ್ಲಿ, ತಂದೆಯ ಹೊಲದಲ್ಲಿ, ತನ್ನ ದೇಹದಲ್ಲಿ. ಇಂದ್ರನು ರಥದ, ಬಂಡಿಯ, ನೊಗದ ರಂಧ್ರಗಳಲ್ಲಿ ಅವಳನ್ನು ಮೂರು ಸಲ ಎಳೆದು ಸೂರ್ಯನಂತಹ ಚರ್ಮವನ್ನು ಅನುಗ್ರಹಿಸಿದನು. ಕಳಚಿದ ತೊಗಲುಗಳು ಮುಳ್ಳುಹಂದಿ, ಉಡ, ಓತಿಕೇತಗಳಾದುವೆಂಬುದು ಐತಿಹ್ಯ.

ಈ ಕಥೆಯಲ್ಲಿ ಗಮನಿಸತಕ್ಕ ಅಂಶಗಳು ಎರಡು. ಚರ್ಮಕ್ಕಾಗಿಯೂ ಕೂದಲಿಗಾಗಿಯೂ ದೇವರನ್ನು ಬೇಡಿದ ಈ ಹೆಣ್ಣನ್ನು ಪೂರ್ವಿಕರು ಮೋಹಗ್ರಸ್ತೆಯೆಂದು ಹೀಗಳೆಯಲಿಲ್ಲ; ಸೂಕ್ತದ ದ್ರಷ್ಟಾರಳೆಂದು, ಋಷಿಗಳ ಸಾಲಿನಲ್ಲಿಯೇ ಕೂಡಿಸಿದರು. ಇದು ಮೊದಲನೆಯದು. ತನ್ನ ದೇಹದ ವ್ಯಥೆಯಲ್ಲಿ ಮುಳುಗಿದ್ದರೂ ಅವಳು ತನ್ನದನ್ನು ಕೊನೆಗೆ ಬೇಡಿ ತಂದೆಯ ತಲೆಯನ್ನೂ ಹೊಲವನ್ನೂ ಮೊದಲು ನೆನೆದಳೆಂಬುದು ಎರಡನೆಯದು. ತನ್ನ ರೂಪಕ್ಕಾಗಿ ಮರುಗುವವನು ಪರರನ್ನು ಮರೆಯುವನೆಂಬ ಆಕ್ಷೇಪಕ್ಕೆ ಇದೇ ಸಮಾಧಾನ. ಮಹಾಭಾರತದ ವನಪರ್ವದಲ್ಲಿಯೂ ಅಷ್ಟಾವಕ್ರನು ಜನಕನ ಸಭೆಯಲ್ಲಿ ಬಂದಿಯನ್ನು ವಾದದಲ್ಲಿ ಗೆದ್ದಮೇಲೆ ಕಥೆಯು ನಿಲ್ಲುವುದಿಲ್ಲ. ತಂದೆಯ ಮಾತಿನಂತೆ ಸಮಂಗಾ ನದಿಯಲ್ಲಿ ಮುಳುಗಿ ಅಂಗಗಳು ನೇರವಾಗುವವರೆಗೂ ನಡೆಯುತ್ತದೆ. ಜ್ಞಾನಿಗೂ ನೆಟ್ಟಗಿನ ದೇಹವು ಬೇಡದ ವಸ್ತುವೆಂದು ವ್ಯಾಸರಿಗೆ ತೋರಲಿಲ್ಲ.

ಅಪಾಲೆಯ ಗಂಡನ ನಡತೆಯೇನೂ ಪುರಾತನಕಾಲದೊಡನೆ ಮುಗಿದುಹೋಗಲಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಕುಷ್ಠರೋಗವು ವಿಚ್ಛೇದನಕ್ಕೆ ಕಾರಣವಾಗಬಹುದೆಂದಿತ್ತು. ರೋಗವು ಔಷಧಗಳಿಂದ ಪೂರ್ಣವಾಗಿ ಗುಣವಾಗುತ್ತಿದ್ದರೂ ಆ ಮಾತನ್ನು ತೆಗೆದುಹಾಕಿದುದು 2019ರಲ್ಲಿ. ಚರ್ಮದ ವಿಷಯದಲ್ಲಿ ಮನುಷ್ಯನ ಭಯವು ಅವನ ಅರಿವಿಗಿಂತ ಎಷ್ಟು ನಿಧಾನವಾಗಿ ಹಿಂಜರಿಯುವುದೆಂಬುದಕ್ಕೆ ಇದೊಂದು ನಿದರ್ಶನ.

ಹಾಗಾದರೆ ರೂಪಶೋಕಕ್ಕೆ ಮೇರೆಯೇ ಬೇಡವೆ? ಬೇಕು. ಶೋಕವು ನ್ಯಾಯವಾದದ್ದೆಂದ ಮಾತ್ರಕ್ಕೆ ಅದು ಹೇಳಿದಂತೆಲ್ಲ ನಡೆಯತಕ್ಕದ್ದೆಂದು ಆಗುವುದಿಲ್ಲ. ಮುಖವು ಊದಿತೆಂದು ಸ್ಟೀರಾಯ್ಡ್ ಗುಳಿಗೆಯನ್ನು ತಾನಾಗಿಯೇ ಥಟ್ಟನೆ ನಿಲ್ಲಿಸಿದವರು ಪ್ರಾಣಾಪಾಯಕ್ಕೆ ಸಿಕ್ಕಿಕೊಳ್ಳಬಹುದು. ಏಕೆಂದರೆ ಔಷಧಕ್ಕೆ ಒಗ್ಗಿದ ದೇಹವು ತಾನು ತಯಾರಿಸಿಕೊಳ್ಳಬೇಕಾದ ರಸವನ್ನು ಆ ವೇಳೆಗೆ ಮರೆತಿರುತ್ತದೆ. ವೈದ್ಯನು ಮೆಲ್ಲಮೆಲ್ಲನೆ ಇಳಿಸಬೇಕು. ಹಾಗೆಯೇ “ಎಳೆಬಿಸಿಲಿನಲ್ಲಿ ನಿಂತರೆ ಚರ್ಮಕ್ಕೆ ಒಳ್ಳೆಯದು” ಎಂಬ ಹಿರಿಯರ ಮಾತು. ಸೂರ್ಯನು ಆರೋಗ್ಯದಾತನೆಂಬ ನಂಬಿಕೆ ಈ ನಾಡಿನಲ್ಲಿ ಬಲವಾದದ್ದು. ಕೃಷ್ಣನ ಮಗ ಸಾಂಬನಿಗೂ ಮಯೂರಕವಿಗೂ ಸೂರ್ಯನೇ ಚರ್ಮರೋಗವನ್ನು ಕಳೆದನೆನ್ನುತ್ತಾರೆ. ಆದರೆ ಲೂಪಸ್ ರೋಗಿಗೆ ಬಿಸಿಲಿನ ಅತಿನೇರಳೆ ಕಿರಣಗಳೇ ಶತ್ರು. ಕೆನ್ನೆಯ ಕೆಂಪನ್ನೂ ಕೆಲವು ವೇಳೆ ಒಳಗಿನ ರೋಗವನ್ನೂ ಅವು ಕೆರಳಿಸುತ್ತವೆ. ಅಂಥವರು ಕೊಡೆ, ತುಂಬುತೋಳಿನ ಉಡುಪು, ಬಿಸಿಲು ತಡೆಯುವ ಲೇಪ ಇವುಗಳಿಂದಲೇ ಸೂರ್ಯನಿಗೆ ದೂರದಿಂದ ನಮಸ್ಕರಿಸಬೇಕು. 2020ರ ಕೊರೋನಾ ಕಾಲದಲ್ಲಿ ಎಲ್ಲರ ಬಾಯಲ್ಲಿಯೂ ಓಡಾಡಿದ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾದ ಔಷಧವು ಈ ರೋಗಿಗಳಿಗೆ ಬಹುಕಾಲದ ಆಸರೆ. ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳುತ್ತ ಅದನ್ನು ತಪ್ಪದೆ ಸೇವಿಸುವುದು ಚರ್ಮಕ್ಕೂ ಹಿತ, ಪ್ರಾಣಕ್ಕೂ ಹಿತ.

ಹೋದ ಕೂದಲಿನಲ್ಲಿಯೂ ಎರಡು ಬಗೆಯುಂಟು. ರೋಗದ ಉಬ್ಬರದಲ್ಲಿ ತಲೆಯ ತುಂಬ ತೆಳುವಾಗಿ ಉದುರಿದುದು ರೋಗವು ಹತೋಟಿಗೆ ಬಂದಮೇಲೆ ಸಾಮಾನ್ಯವಾಗಿ ಮರಳುತ್ತದೆ. ಗಾಯವಾಗಿ ಕಲೆಗಟ್ಟಿದ ಜಾಗದಲ್ಲಿ ಹೋದುದು ಮರಳುವುದಿಲ್ಲ. ಮರಳುವುದಾದರೂ ತಿಂಗಳಿಗೆ ಸುಮಾರು 1 ಸೆಂಟಿಮೀಟರು. 60 ಸೆಂಟಿಮೀಟರಿನ ಜಡೆಗೆ ಐದು ವರ್ಷ ಬೇಕು. ಯಾವುದಕ್ಕೆ ಕಾಯಬೇಕು, ಯಾವುದಕ್ಕೆ ಶ್ರಾದ್ಧ ಮಾಡಿ ಮುಗಿಸಬೇಕು ಎಂಬುದನ್ನು ಅರಿಯುವುದೇ ಇಲ್ಲಿ ವಿವೇಕ. ಅರಿಯದವನು ಅಂಗಡಿಯವನು ಹೇಳಿದ ಎಣ್ಣೆಗೆಲ್ಲ ಹಣ ಸುರಿದು, ಪ್ರತಿಯೊಂದು ಶೀಶೆಯೊಡನೆಯೂ ಹೊಸದಾಗಿ ನಿರಾಶನಾಗುತ್ತಾನೆ.

ಕೃತಕಕೇಶವನ್ನು ಧರಿಸುವುದು ಅಸತ್ಯವಲ್ಲವೇ ಎಂಬ ಶಂಕೆಯೂ ಕೆಲವರಿಗುಂಟು. ಅಲ್ಲ. ಕೇಳುವ ಹಕ್ಕಿರುವವನಿಗೆ ತಿಳಿಸಬೇಕಾದುದನ್ನು ಮುಚ್ಚಿಡುವುದು ಅಸತ್ಯ. ದಾರಿಹೋಕನ ಕುತೂಹಲಕ್ಕೆ ತಲೆಯನ್ನು ತೆರೆದು ತೋರಿಸಬೇಕೆಂಬುದು ಸತ್ಯವ್ರತವಲ್ಲ. ಕೂದಲು ಸಾಲದಿದ್ದರೆ ಚೌರಿ ಸೇರಿಸಿ ಜಡೆ ಹೆಣೆಯುವುದನ್ನು ಅಜ್ಜಿಯರ ಕಾಲದಲ್ಲಿಯೂ ಯಾರೂ ವಂಚನೆಯೆನ್ನಲಿಲ್ಲ. ವಿವಾಹದ ಮಾತುಕತೆಯಲ್ಲಾದರೆ ರೋಗವನ್ನೇ ತಿಳಿಸುವುದು ಧರ್ಮ. ಬಾಳನ್ನು ಹಂಚಿಕೊಳ್ಳುವವನಿಗೆ ಆ ಹಕ್ಕುಂಟು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವನಿಗಿಲ್ಲ. ಇನ್ನು ತಲೆಯನ್ನು ಮುಚ್ಚದೆಯೇ ನಡೆಯುವೆನೆನ್ನುವವರಿದ್ದರೆ, ಅದೂ ಅವರ ಇಚ್ಛೆ.

ಮನೆಯವರ ಧರ್ಮವು ಸಣ್ಣದು, ಆದರೆ ಕಷ್ಟವಾದದ್ದು. ಕನ್ನಡಿಯನ್ನು ಅಡಗಿಸಿಡುವುದೂ ಬೇಡ, ದಿನದಿನವೂ ತಲೆಯನ್ನು ಪರೀಕ್ಷಿಸುವುದೂ ಬೇಡ. ಬಚ್ಚಲಿನ ಕೂದಲನ್ನು ಮಾತಿಲ್ಲದೆ ತೆಗೆದುಹಾಕಿದರೆ ಸಾಕು. ಅತ್ತಾಗ “ಇದಕ್ಕೇಕೆ ಅಳು?” ಎನ್ನಕೂಡದು. ದೇಹವು ಆತ್ಮವಲ್ಲವೆಂಬ ಉಪದೇಶವು ಸುಳ್ಳಲ್ಲ. ಆದರೆ ಅದನ್ನು ಪ್ರತಿಯೊಬ್ಬನೂ ತನಗೆ ತಾನೇ ಹೇಳಿಕೊಳ್ಳಬೇಕು. ತುಂಬುಗೂದಲಿನವನು ಬೋಳುತಲೆಯವನಿಗೆ ಅದನ್ನು ಹೇಳಿದರೆ ಉಂಡವನು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತಾಗುತ್ತದೆ. ರೋಗಿಯು ಎಂದಾದರೊಂದು ದಿನ ಆ ಅರಿವಿಗೆ ತಾನಾಗಿ ಬರಬಹುದು, ಬಾರದೆಯೂ ಇರಬಹುದು. ಅಲ್ಲಿಯವರೆಗೂ ಹೂವಿನ ಬುಟ್ಟಿಯನ್ನು ಹಿಡಿದ ಕೈಯು ಆಕೆಯ ಮುಂದೆ ತಡೆಯದೆ, ಎಲ್ಲರಿಗೂ ಕೊಟ್ಟಂತೆಯೇ ಆಕೆಗೂ ಹೂ ಕೊಟ್ಟು ಮುಂದಕ್ಕೆ ಹೋಗಬೇಕು. ಅದನ್ನು ಮುಡಿಯುವುದೋ, ಸೆರಗಿನ ತುದಿಯಲ್ಲಿ ಕಟ್ಟಿಕೊಳ್ಳುವುದೋ, ಮನೆಗೊಯ್ದು ದೇವರಿಗೆ ಏರಿಸುವುದೋ ಆಕೆಗೆ ಬಿಟ್ಟದ್ದು.