ಎಲ್ಲರಿಗೂ ಸಿಕ್ಕರೆ?

2024ರ ಏಪ್ರಿಲ್ 13, ಶನಿವಾರ. ಆಫೀಸಿನ ಕೆಲಸಕ್ಕೆಂದು ಜಿನೀವಾಕ್ಕೆ ಹೋಗಿದ್ದವನು ವಾರದ ಕೊನೆಗೆ ಅಲ್ಲೇ ಉಳಿದಿದ್ದೆ. ಜೊತೆಯಲ್ಲಿ ಕೆಲಸ ಮಾಡುವ ಪುತ್ತೂರಿನ ಕಡೆಯ ಗೆಳೆಯನಿಗೆ ವಾಚುಗಳ ಹುಚ್ಚು. ಅಲ್ಲಿನ ವಿಮಾನ ನಿಲ್ದಾಣದ ಪಕ್ಕದ ಪ್ಯಾಲೆಕ್ಸ್‌ಪೋದಲ್ಲಿ ಪ್ರತಿವರ್ಷ ‘ವಾಚಸ್ ಅಂಡ್ ವಂಡರ್ಸ್’ ಎಂಬ ಮೇಳ ನಡೆಯುತ್ತದೆ. ಮೊದಲ ದಿನಗಳು ವ್ಯಾಪಾರಿಗಳಿಗೆ, ಪತ್ರಕರ್ತರಿಗೆ. ಆ ವರ್ಷ ಕೊನೆಯ ಮೂರು ದಿನ ಟಿಕೆಟ್ ಕೊಂಡ ಯಾರು ಬೇಕಾದರೂ ಹೋಗಬಹುದಿತ್ತು. ಗೆಳೆಯ ಎರಡು ಟಿಕೆಟ್ ತಂದಿದ್ದ. “ನಾನು ವಾಚೇ ಕಟ್ಟೋದಿಲ್ಲವಲ್ಲೋ” ಎಂದೆ. “ಅದಕ್ಕೇ ಬಾ ಮಾರಾಯ” ಎಂದ.

ಮೇಳ ಎಂದರೆ ಗದ್ದಲ ಎಂದುಕೊಂಡಿದ್ದೆ. ಒಳಗೆ ಹೋದರೆ ಮೆತ್ತನೆಯ ನೆಲಹಾಸು, ತಗ್ಗಿಸಿದ ದನಿಗಳು, 50ಕ್ಕೂ ಹೆಚ್ಚು ಕಂಪನಿಗಳ ಮಳಿಗೆಗಳು. ನಾನು ನೋಡಿದ ಗಾಜಿನ ಪೆಟ್ಟಿಗೆಗಳಲ್ಲಿ ಬೆಲೆಯ ಚೀಟಿ ಇರಲಿಲ್ಲ. ಗರ್ಭಗುಡಿಯ ಮುಂದೆ ಇಣುಕುವವರಂತೆ ಜನ ಬಗ್ಗಿ, ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಆ ವರ್ಷ ಎಲ್ಲರ ಬಾಯಲ್ಲೂ ಇದ್ದದ್ದು ವಾಶೆರಾನ್ ಕಾನ್‌ಸ್ಟಾಂಟಿನ್ ಕಂಪನಿಯ ಒಂದು ಜೇಬುಗಡಿಯಾರ. ಅದರಲ್ಲಿ 2,877 ಬಿಡಿಭಾಗಗಳು. 63 ಬಗೆಯ ಕೆಲಸಗಳನ್ನು ಅದು ಮಾಡುತ್ತದೆ. ಚೀನೀ ಪಂಚಾಂಗವನ್ನೂ ಲೆಕ್ಕ ಹಾಕುತ್ತದೆ. ಅದನ್ನು ಸಿದ್ಧಮಾಡಲು ಹನ್ನೊಂದು ವರ್ಷ ಹಿಡಿದಿತ್ತು. ಇಷ್ಟೂ ಒಬ್ಬ ಸಂಗ್ರಾಹಕನಿಗಾಗಿ.

ಜೇಬಿನಲ್ಲಿದ್ದ ಫೋನು ತೆಗೆದು ಸಮಯ ನೋಡಿದೆ. ತಮಾಷೆ ಎಂದರೆ ಆ ಇಡೀ ಸಭಾಂಗಣದ ಕೀ ಕೊಡುವ ವಾಚುಗಳಿಗಿಂತ ನನ್ನ ಫೋನೇ ಕರಾರುವಾಕ್ಕು. ಸ್ವಿಸ್ ಸಂಸ್ಥೆಯೊಂದು ‘ಕ್ರೊನೋಮೀಟರ್’ ಎಂಬ ಪ್ರಮಾಣಪತ್ರ ಕೊಡುವ ಯಾಂತ್ರಿಕ ವಾಚು ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ, ಆರು ಸೆಕೆಂಡು ಮುಂದೆ ಹೋಗಬಹುದು. ಫುಟ್‌ಪಾತಿನ ಅಂಗಡಿಯಲ್ಲಿ ಸಿಗುವ ಸೆಲ್ ವಾಚು ಒಂದಿಡೀ ತಿಂಗಳಿಗೆ ತಪ್ಪುವುದು ಹೆಚ್ಚುಕಡಿಮೆ ಹದಿನೈದಿಪ್ಪತ್ತು ಸೆಕೆಂಡು. ಅದರೊಳಗಿನ ಸ್ಫಟಿಕ ಸೆಕೆಂಡಿಗೆ 32,768 ಸಲ ಕಂಪಿಸಿದರೆ, ಇವತ್ತಿನ ಬಹಳಷ್ಟು ದುಬಾರಿ ವಾಚುಗಳ ಚಕ್ರ ಸೆಕೆಂಡಿಗೆ ಎಂಟು ಸಲ ಟಿಕ್ಕೆನ್ನುತ್ತದೆ. ಹಾಗಾದರೆ ಇಲ್ಲಿ ಜನ ಕೊಳ್ಳಬಯಸುವುದು ಏನನ್ನು? ಸಮಯವನ್ನಂತೂ ಅಲ್ಲ.

ಈ ಪ್ರಶ್ನೆ ಹಳೆಯದು. ಆಡಂ ಸ್ಮಿತ್ 1759ರ ತನ್ನ ನೀತಿಶಾಸ್ತ್ರದ ಪುಸ್ತಕದಲ್ಲಿ ಒಬ್ಬ ವಾಚುಪ್ರೇಮಿಯನ್ನು ವರ್ಣಿಸುತ್ತಾನೆ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುವ ಗಡಿಯಾರವನ್ನು ಆತ ಅಗ್ಗಕ್ಕೆ ಮಾರಿ, ಐವತ್ತು ಗಿನಿ ಕೊಟ್ಟು ಇನ್ನೂ ನಿಖರವಾದದ್ದನ್ನು ತರುತ್ತಾನೆ. ಆದರೆ ಆತನೇನೂ ಬೇರೆಯವರಿಗಿಂತ ಸಮಯಪಾಲಕನಾಗಿರುವುದಿಲ್ಲ. ಅವನಿಗೆ ಬೇಕಾದದ್ದು ಗಂಟೆ ಎಷ್ಟೆಂಬ ತಿಳಿವಳಿಕೆಯಲ್ಲ, ಅದನ್ನು ತಿಳಿಸುವ ಯಂತ್ರದ ಪರಿಪೂರ್ಣತೆ. ಜಿನೀವಾದಲ್ಲೇ ಹುಟ್ಟಿದ, ಗಡಿಯಾರ ಮಾಡುವವನ ಮಗನಾದ ರೂಸೋ ಇನ್ನೊಂದು ತುದಿ. ಸರಳವಾಗಿ ಬದುಕಬೇಕೆಂದು ನಿಶ್ಚಯಿಸಿದಾಗ ಆತ ತನ್ನ ಗಡಿಯಾರವನ್ನು ಮಾರಿಬಿಟ್ಟ. ಇನ್ನು ಗಂಟೆ ಎಷ್ಟಾಯಿತೆಂದು ತಿಳಿಯುವ ಅಗತ್ಯವೇ ಇಲ್ಲವೆಂದು ಅವನಿಗೆ ಆದ ಖುಷಿ ಅವನ ಆತ್ಮಕಥೆಯಲ್ಲಿದೆ.

ಬೆಳಿಗ್ಗೆಯೆಲ್ಲ ನಾನು ರೂಸೋನ ಪಕ್ಷದಲ್ಲಿದ್ದೆ. ಜಗತ್ತಿನಲ್ಲಿ ಇಷ್ಟು ಕೊರತೆ ಇರುವಾಗ ಯಾರಿಗೂ ಬೇಡದ ಯಂತ್ರಕ್ಕೆ ಇಷ್ಟು ಬುದ್ಧಿ, ಇಷ್ಟು ಹಣ ಯಾಕೆ ಎಂಬ ಸುಲಭದ ಸಿಟ್ಟು. ಗೆಳೆಯನಿಗೆ ಹೇಳಿಯೂ ಹೇಳಿದೆ. ಅವನು ತಿರುಗಿ ಕೇಳಿದ: “ನೀನು ಕವಿತೆ ಓದ್ತೀಯಲ್ಲ, ಅದು ಯಾರಿಗೆ ಬೇಕು ಮಾರಾಯ?” ನನ್ನ ಬಳಿ ಉತ್ತರ ಇರಲಿಲ್ಲ. ಅಗತ್ಯವಿಲ್ಲದ್ದನ್ನೆಲ್ಲ ತೆಗೆದುಹಾಕಿದರೆ ವಾಚಿನ ಜೊತೆಗೆ ಕವಿತೆಯೂ ಹೋಗುತ್ತದೆ, ರಂಗೋಲಿಯೂ ಹೋಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಒಂದು ಮಳಿಗೆಯಲ್ಲಿ ಕುಶಲಕರ್ಮಿಯೊಬ್ಬ ಮೇಜಿನ ಮುಂದೆ ಕೂತು ಕೆಲಸ ಮಾಡಿ ತೋರಿಸುತ್ತಿದ್ದ. ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ, ಬೆರಳ ತುದಿಯಲ್ಲಿ ಉಗುರಿನಷ್ಟು ಲೋಹದ ತುಣುಕು. ಅದರ ಅಂಚನ್ನು ಓರೆಯಾಗಿ ಅರೆದು, ಜೆನ್ಷಿಯನ್ ಎಂಬ ಬೆಟ್ಟದ ಗಿಡದ ಕಡ್ಡಿಯಿಂದ ಉಜ್ಜಿ ಕನ್ನಡಿಯಂತೆ ಹೊಳೆಯಿಸುತ್ತಿದ್ದ. ಎರಡು ಅಂಚುಗಳು ಒಳಮುಖವಾಗಿ ಸೇರುವ ಚೂಪು ಮೂಲೆಗೆ ಕೈಯೇ ಬೇಕು, ಯಂತ್ರದಿಂದ ಅದು ಆಗುವುದಿಲ್ಲ ಎಂದ. ಈ ಒಂದು ತುಣುಕಿಗೆ ಮೂರು ದಿನ. ಆಮೇಲೆ ಅದು ಡಯಲ್ಲಿನ ಕೆಳಗೆ ಕೂತುಕೊಳ್ಳುತ್ತದೆ. ಮುಂದೆಂದಾದರೂ ರಿಪೇರಿಗೆ ಬಿಚ್ಚುವವನು ಬಿಟ್ಟರೆ ಇನ್ಯಾರೂ ನೋಡುವುದಿಲ್ಲ. ಸುತ್ತ ನಿಂತವರು ಮೆಲ್ಲಗೆ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕೈ ಅರ್ಧಕ್ಕೇ ನಿಂತಿತು.

ಯಾಕೆಂದರೆ ಹಾಗೆಯೇ ಬಗ್ಗಿದ ಕತ್ತು, ಹಾಗೆಯೇ ಚಿಮಟ ಹಿಡಿದ ಬೆರಳು ನನಗೆ ಗೊತ್ತು. ನಮ್ಮಮ್ಮ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ, ಕೂದಲೆಳೆಯಂಥ ಸ್ಪ್ರಿಂಗನ್ನು ಚಕ್ರಕ್ಕೆ ಜೋಡಿಸುವ ಸಾಲಿನಲ್ಲಿ ಹತ್ತೊಂಬತ್ತು ವರ್ಷ ಕೂತವಳು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಶುರುವಾದ ಆ ಕಾರ್ಖಾನೆಯ ವಾಚುಗಳಲ್ಲಿ ಒಂದರ ಹೆಸರೇ ‘ಜನತಾ’. ಮದುವೆಗೆ, ಎಸ್ಸೆಸ್ಸೆಲ್ಸಿ ಪಾಸಾದದ್ದಕ್ಕೆ, ಮೊದಲ ಸಂಬಳಕ್ಕೆ ಮನೆಮನೆಯಲ್ಲಿ ಎಚ್‌ಎಂಟಿ ವಾಚು. ಅಮ್ಮ ಬಸ್ಸಿನಲ್ಲಿ ಕೂತರೆ ಜನರ ಮುಖ ನೋಡುತ್ತಿರಲಿಲ್ಲ, ಮಣಿಕಟ್ಟು ನೋಡುತ್ತಿದ್ದಳು. ಕಂಬಿ ಹಿಡಿದು ನಿಂತ ಯಾರದೋ ಕೈಯನ್ನು ಕಣ್ಣಲ್ಲೇ ತೋರಿಸಿ “ನಮ್ದು ಕಣೋ” ಎನ್ನುತ್ತಿದ್ದಳು. ಇಳಿಯುವಷ್ಟರಲ್ಲಿ ಐದಾರಾದರೂ ಸಿಕ್ಕರೆ ಆ ದಿನ ಅವಳ ನಡಿಗೆಯೇ ಬೇರೆ.

ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ನನಗೂ ಒಂದು ಜನತಾ ಸಿಕ್ಕಿತು. ಕಾಲೇಜಿನಲ್ಲಿ ನೋಡಿದರೆ ಅರ್ಧ ಕ್ಲಾಸಿನ ಕೈಯಲ್ಲಿ ಅಂಥದ್ದೇ. ವರ್ಷ ತುಂಬುವ ಮೊದಲೇ ಅದನ್ನು ಬಿಚ್ಚಿಟ್ಟು, ದುಡ್ಡು ಕೂಡಿಸಿ ಒಂದು ಡಿಜಿಟಲ್ ವಾಚು ತಂದೆ. ಜನತಾ ಕೆಟ್ಟಿರಲಿಲ್ಲ. ಎಲ್ಲರ ಹತ್ತಿರವೂ ಇತ್ತು, ಅದೇ ಅದರ ತಪ್ಪು. ಅಮ್ಮ ನನ್ನ ಕೈ ನೋಡಿದಳು, ಏನೂ ಅನ್ನಲಿಲ್ಲ. ಆ ವಾಚು ಮನೆ ಬದಲಾಯಿಸುವಾಗ ಎಲ್ಲೋ ಕಳೆದುಹೋಯಿತು.

ಆ ಮೇಜಿನ ಮುಂದೆ ನಿಂತಾಗ ನನಗೆ ಹೊಳೆದದ್ದು ಇಷ್ಟು. ಒಂದು ವಸ್ತುವಿನ ಮೇಲಿನ ನಮ್ಮ ಪ್ರೀತಿಯಲ್ಲಿ ಎರಡು ಬೇರೆಬೇರೆ ಸಂತೋಷಗಳು ಹೆಣೆದುಕೊಂಡಿರುತ್ತವೆ. ಒಂದು, ಆ ವಸ್ತುವಿನೊಳಗೇ ಇರುವುದು: ಕೈಚಳಕ, ಲೆಕ್ಕಾಚಾರ, ಯಾರೂ ನೋಡದ ಮೂಲೆಗೂ ಕೊಟ್ಟ ಗಮನ. ಇದು ಹಂಚಿಕೊಂಡರೆ ಕಡಿಮೆಯಾಗುವುದಿಲ್ಲ. ನಾನು ಓದಿದ ಕವಿತೆಯನ್ನು ನೀವೂ ಓದಿದರೆ ನನಗೆ ನಷ್ಟವಿಲ್ಲ. ಇನ್ನೊಂದು, ಬೇರೆಯವರ ಹತ್ತಿರ ಇಲ್ಲ ಎಂಬುದರಿಂದ ಬರುವುದು. ಅದು ಹಂಚಿದ ತಕ್ಷಣ ಸಾಯುತ್ತದೆ. ಎರಡನ್ನೂ ಬೇರ್ಪಡಿಸಲು ಒಂದೇ ಪ್ರಶ್ನೆ ಸಾಕು: ಇದೇ ವಸ್ತು ನಾಳೆ ಎಲ್ಲರಿಗೂ ಸಿಕ್ಕರೆ ಆಗಲೂ ನನಗೆ ಬೇಕೇ? ವಾಚಿಗೆ ಮಾತ್ರವಲ್ಲ; ಪದವಿಗೆ, ಪ್ರಶಸ್ತಿಗೆ, ಎಲ್ಲರೂ ಓದತೊಡಗಿದೊಡನೆ ನಾವು ಕೈಬಿಡುವ ಲೇಖಕರಿಗೂ ಈ ಪ್ರಶ್ನೆ ಕೇಳಿಕೊಳ್ಳಬಹುದು. ನಾನಂತೂ ಹದಿನಾರನೇ ವಯಸ್ಸಿನಲ್ಲೇ ಫೇಲಾಗಿದ್ದೆ.

ಆದರೆ ಇದನ್ನೇ ತೀರ್ಪು ಎಂದು ಮುಗಿಸಲು ಮನಸ್ಸು ಒಪ್ಪುವುದಿಲ್ಲ. 1969ರ ಕೊನೆಯಲ್ಲಿ ಜಪಾನಿನ ಸೈಕೋ ಮೊದಲ ಕ್ವಾರ್ಟ್ಜ್ ಕೈಗಡಿಯಾರ ಮಾರುಕಟ್ಟೆಗೆ ತಂದ ಮೇಲೆ, ಸುಮಾರು 90,000 ಇದ್ದ ಸ್ವಿಸ್ ಗಡಿಯಾರ ಕೆಲಸಗಾರರ ಸಂಖ್ಯೆ 1980ರ ದಶಕದ ಮಧ್ಯಕ್ಕೆ ಮೂರನೇ ಒಂದರಷ್ಟಾಯಿತು. ಆ ಕಸುಬು ಉಳಿದದ್ದು ಯಾಂತ್ರಿಕ ವಾಚನ್ನು ಶ್ರೀಮಂತರ ವಸ್ತುವನ್ನಾಗಿ ಮಾಡಿದ್ದರಿಂದ. ಎಲ್ಲರಿಗಾಗಿ ಮಾಡುತ್ತಿದ್ದ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಕೆಲವರಿಗಷ್ಟೇ ಸಿಗಲಿ ಎಂಬ ಆಸೆ ನನ್ನ ಪ್ರಶ್ನೆಯಲ್ಲಿ ಸೋಲುತ್ತದೆ, ನಿಜ. ಆದರೆ ಆ ಮೂಲೆಯನ್ನು ಉಜ್ಜುವವನ ಸಂಬಳ ಬರುವುದು ಅದೇ ಆಸೆಯಿಂದ. ಈ ಗಂಟನ್ನು ಬಿಡಿಸಲು ನನಗೆ ಇವತ್ತಿಗೂ ಆಗಿಲ್ಲ.

ಅಮ್ಮನ ಕೆಲಸದ ವಿಷಯ ಹೇಳಿದಾಗ ಗೆಳೆಯನ ಕಣ್ಣು ಅರಳಿತು. “ಹಳೇ ಜನತಾ ಉಂಟಾ? ಈಗ ಸಂಗ್ರಾಹಕರು ಹುಡುಕ್ತಾ ಇದ್ದಾರೆ ಗೊತ್ತುಂಟಾ?” ಎಂದ. ಸುಲಭವಾಗಿ ಸಿಗುವುದು ನಿಂತ ಮೇಲೆ ಅದಕ್ಕೂ ಬೆಲೆ ಬಂದಿದೆ. ಕಳೆದುಹೋಯಿತು ಎಂದೆ, ಹೇಗೆಂದು ಹೇಳಲಿಲ್ಲ.

ರಾತ್ರಿ, ಅಮ್ಮ ಇನ್ನೂ ಮಲಗಿರಲಾರಳು ಎಂದುಕೊಂಡು, ಆ ಕುಶಲಕರ್ಮಿಯ ವೀಡಿಯೋ ಕಳಿಸಿ ಫೋನು ಮಾಡಿದೆ.

“ದಿನಕ್ಕೆ ಎಷ್ಟು ಮಾಡ್ತಾನಂತೆ?”

“ಒಂದಕ್ಕೇ ಮೂರು ದಿನ ಅಂತೆ ಅಮ್ಮ.”

ಸ್ವಲ್ಪ ಹೊತ್ತು ಮಾತಿಲ್ಲ. ವೀಡಿಯೋ ಮತ್ತೊಮ್ಮೆ ನೋಡುತ್ತಿದ್ದಳೇನೋ.

“ಕೈ ಚೆನ್ನಾಗಿದೆ ಕಣೋ ಅವಂದು,” ಎಂದಳು. ಆಮೇಲೆ ಕೇಳಿದಳು, “ಅಲ್ಲಿ ಯಾರ ಕೈಲಾದ್ರೂ ಕಟ್ಕೊಂಡಿದ್ದು ನೋಡಿದ್ಯಾ, ಅವನು ಮಾಡಿದ್ದನ್ನ?”

ಇಲ್ಲ, ನಾನು ನೋಡಿರಲಿಲ್ಲ.