ಮುಚ್ಚಿದ ಬಾಗಿಲು ಮತ್ತು ಅನುಮತಿಯ ಗುಂಡಿ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ಸ್ತೇಯದ ಲಕ್ಷಣವನ್ನು ವಿವರಿಸುವಾಗ, ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಒಂದು ಸೂಕ್ಷ್ಮವಾದ ಆಕ್ಷೇಪವನ್ನು ತಾವೇ ಎತ್ತಿಕೊಳ್ಳುತ್ತಾರೆ. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಕಳವೆಂದಾದರೆ, ಆಹಾರಕ್ಕಾಗಿ ಊರೊಳಗೆ ಸಂಚರಿಸುವ ಮುನಿಗಳು ಯಾರ ಅಪ್ಪಣೆಯೂ ಇಲ್ಲದೆ ಬೀದಿಗಳನ್ನು ಹಾಯುವುದೂ ದೋಷವಾಗದೆ? ಅವರ ಸಮಾಧಾನವು ಸರಳವಾದುದು: ಬೀದಿಯು ಸರ್ವರಿಗೂ ತೆರೆದಿಟ್ಟದ್ದು, ಮುಚ್ಚಿದ ಬಾಗಿಲನ್ನಾದರೋ ಮುನಿಗಳು ಪ್ರವೇಶಿಸುವುದಿಲ್ಲ.

ಈ ವಿವೇಕವು ಇಂದು ಗೃಹಸ್ಥರ ಕೈಯಲ್ಲಿರುವ ಸ್ಮಾರ್ಟ್‌ಫೋನಿಗೂ ಬೇಕಾಗಿದೆ. ತಿಥಿಯನ್ನು ನೋಡಲೆಂದು ಶ್ರಾವಕನೊಬ್ಬನು ಪಂಚಾಂಗದ ಆ್ಯಪ್ ಒಂದನ್ನು ಹಾಕಿಕೊಳ್ಳುತ್ತಾನೆ ಎಂದಿಟ್ಟುಕೊಳ್ಳೋಣ. ಅದು ಅವನಿರುವ ಸ್ಥಳವನ್ನು ತಿಳಿಯಲು ಅನುಮತಿ ಕೇಳುತ್ತದೆ. ಇದಕ್ಕೆ ಕಾರಣವುಂಟು, ರಾತ್ರಿಭೋಜನ ತ್ಯಾಗ ಮಾಡಿದವರಿಗೆ ಸೂರ್ಯಾಸ್ತದ ವೇಳೆ ಬೇಕು, ಅದು ಊರಿನಿಂದ ಊರಿಗೆ ಬೇರೆ. ಅದಕ್ಕೂ ಮನೆಯ ನಿಖರ ಗುರುತು ಬೇಕಿಲ್ಲ, ಊರಿನ ಅಂದಾಜು ಸಾಕು. 2021ರ ಆಂಡ್ರಾಯ್ಡ್ 12ರಿಂದ ಅಂದಾಜು ಸ್ಥಳವನ್ನಷ್ಟೇ ಕೊಡುವ ಅವಕಾಶವಿದೆ. ಆದರೆ ಅದೇ ಆ್ಯಪ್ ಮರುಕ್ಷಣ ಫೋನಿನಲ್ಲಿರುವ ಸಂಪರ್ಕಗಳ ಪಟ್ಟಿಯನ್ನೂ ಕೇಳಿದರೆ? ತಿಥಿಗೂ ಬಂಧುಗಳ ದೂರವಾಣಿ ಸಂಖ್ಯೆಗೂ ಏನು ಸಂಬಂಧ?

ಬೇಡವೆಂದರೆ ‘ದೋಷ ಉಂಟಾಗಿದೆ’ ಎಂದು ತೋರಿಸಿ ಆ್ಯಪ್ ನಿಂತುಬಿಡುವುದುಂಟು. ಇಲ್ಲಿ ನಿಜವಾದ ದೋಷವನ್ನು ಹಟದಿಂದ ಬೇರ್ಪಡಿಸಿಕೊಳ್ಳಬೇಕು. ಆ್ಯಪನ್ನು ಮುಚ್ಚಿ ತೆರೆಯುವುದು, ಹೊಸ ಆವೃತ್ತಿಗೆ ಬದಲಿಸುವುದು, ಸೆಟ್ಟಿಂಗ್ಸ್‌ನಲ್ಲಿ ಕ್ಯಾಶ್ ಅಳಿಸುವುದು, ಇಷ್ಟರಿಂದ ಸರಿಹೋದರೆ ಅದು ಯಂತ್ರದ ದೋಷ. (ಡೇಟಾ ಅಳಿಸುವುದು ಬೇರೆ, ತಾನು ಬರೆದಿಟ್ಟುಕೊಂಡದ್ದೂ ಅದರೊಡನೆ ಹೋದೀತು.) ಇವೆಲ್ಲ ಆದ ಮೇಲೂ ಪಟ್ಟಿಯನ್ನು ಕೊಟ್ಟರೆ ಮಾತ್ರ ತೆರೆಯುವೆನೆಂದರೆ, ಅದು ಬಾಗಿಲಲ್ಲಿ ಕುಳಿತ ಯಾಚಕನ ಹಟವೇ ಸರಿ.

‘ನಮ್ಮಲ್ಲಿ ಮುಚ್ಚಿಡುವಂಥದ್ದೇನಿದೆ?’ ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಸತ್ಪುರುಷರಲ್ಲಿ ಮುಚ್ಚಿಡುವಂಥದ್ದು ಇಲ್ಲದಿರಬಹುದು. ಆದರೆ ಆ ಪಟ್ಟಿ ಅವರದಲ್ಲ. ಅದರೊಳಗಿನ ಪ್ರತಿಯೊಂದು ಸಂಖ್ಯೆಯೂ ಇನ್ನೊಬ್ಬರು ವಿಶ್ವಾಸವಿಟ್ಟು ಕೊಟ್ಟದ್ದು, ಅದೂ ಪೂಜೆಯ ಆಮಂತ್ರಣಕ್ಕೋ ಕಷ್ಟಕಾಲದ ಕರೆಗೋ ಕೊಟ್ಟದ್ದು. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಅಚೌರ್ಯಾಣುವ್ರತವನ್ನು ಹೇಳುವಾಗ, ಇಟ್ಟ, ಬಿದ್ದ ಅಥವಾ ಮರೆತ ಪರರ ವಸ್ತುವನ್ನು ತಾನು ತೆಗೆದುಕೊಳ್ಳದಿರುವುದನ್ನಷ್ಟೇ ಹೇಳಿ ನಿಲ್ಲುವುದಿಲ್ಲ. ಅದನ್ನು ಮತ್ತೊಬ್ಬರಿಗೆ ಕೊಡದಿರುವುದನ್ನೂ ಹೇಳುತ್ತಾರೆ. ಕೊಡುವವನ ಮೇಲೂ ವ್ರತದ ಭಾರವಿದೆ. ಕೃತ, ಕಾರಿತ, ಅನುಮತ ಎಂಬ ಮೂರರಲ್ಲಿ ಅನುಮತಕ್ಕೆ ಇಷ್ಟು ಪ್ರತ್ಯಕ್ಷವಾದ ರೂಪ ಹಿಂದೆಂದೂ ಇದ್ದಿರಲಾರದು: ಪರದೆಯ ಮೇಲೆ ‘ಅನುಮತಿಸಿ’ ಎಂಬ ಗುಂಡಿ!

ಇದರಿಂದ ಹಿಂಸೆಯೂ ಆಗಿದೆ. ಕೆಲವು ಸಾಲದ ಆ್ಯಪ್‌ಗಳು ಹೀಗೆ ಪಡೆದ ಸಂಖ್ಯೆಗಳಿಗೆ ಕರೆಮಾಡಿ, ಬಂಧುಮಿತ್ರರ ಮುಂದೆ ಸಾಲಗಾರರ ಮಾನ ಕಳೆದವು. 2022ರಲ್ಲಿ ರಿಸರ್ವ್ ಬ್ಯಾಂಕು ಸಾಲದ ಆ್ಯಪ್‌ಗಳು ಸಂಪರ್ಕಗಳ ಪಟ್ಟಿ, ಕರೆಗಳ ವಿವರ ಮೊದಲಾದವನ್ನು ಮುಟ್ಟಬಾರದೆಂದು ವಿಧಿಸಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 6ನೆಯ ಪ್ರಕರಣದಲ್ಲಿ ಒಂದು ಉದಾಹರಣೆಯೇ ಇದೆ: ದೂರವೈದ್ಯಕೀಯದ ಆ್ಯಪ್ ಸಂಪರ್ಕಗಳ ಪಟ್ಟಿಯನ್ನು ಕೇಳಿ, ರೋಗಿಯು ಒಪ್ಪಿದರೂ, ಚಿಕಿತ್ಸೆಗೆ ಅದು ಅಗತ್ಯವಲ್ಲದ ಕಾರಣ ಆ ಒಪ್ಪಿಗೆ ಸಲ್ಲದು. ಪ್ರಯೋಜನಕ್ಕೆ ಮೀರಿದ್ದು ಬೇಡವೆಂಬ ಈ ಮಾತು ಪರಿಗ್ರಹಪರಿಮಾಣವನ್ನು ಬಲ್ಲ ಮನೆಗಳಿಗೆ ಹೊಸತಲ್ಲ.

ಕೊಟ್ಟ ಅನುಮತಿಯನ್ನು ಹಿಂದೆಗೆದುಕೊಳ್ಳುವುದು ಕಷ್ಟವಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ್ಯಪಿನ ಹೆಸರನ್ನು ತೆರೆದು ಒಂದೊಂದಾಗಿ ನೋಡಿದರೆ ಸಾಕು. ಆದರೆ ಈಗಾಗಲೇ ಹೋದ ಪಟ್ಟಿಯು ಅದರಿಂದ ಮರಳುವುದಿಲ್ಲ. ಬಸದಿಗಳ ಆಡಳಿತ ಮಂಡಳಿಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹಿಂದೆ ದಾನಿಗಳ ವಹಿ ಕಚೇರಿಯ ಪೆಟ್ಟಿಗೆಯೊಳಗಿರುತ್ತಿತ್ತು. ನೋಡಬೇಕಾದವರು ಕೇಳಿ ನೋಡುತ್ತಿದ್ದರು. ಅದೇ ವಹಿ ಈಗ ಕಾರ್ಯದರ್ಶಿಗಳ ಫೋನಿನಲ್ಲಿದೆ. ರಜೆಯಲ್ಲಿ ಬಂದ ಮೊಮ್ಮಗನು ಆಟದ ಆ್ಯಪ್ ಹಾಕಿಕೊಳ್ಳುವುದೂ ಅದೇ ಫೋನಿನಲ್ಲಿ.