ಉಪಕಾರದ ದಾರಿ

ಉಪಕಾರವು ಮಾಡುವವನ ಇಚ್ಛೆಯಂತೆ ನಡೆಯಬೇಕೋ, ಪಡೆಯುವವನ ಸ್ವಭಾವವನ್ನನುಸರಿಸಿ ನಡೆಯಬೇಕೋ ಎಂಬ ಪ್ರಶ್ನೆಯು ಹಳೆಯದು. ವೈದ್ಯಶಾಸ್ತ್ರದ ಚರಿತ್ರೆಯೊಂದು ಇದಕ್ಕೆ ಹೊಸ ನಿದರ್ಶನವನ್ನು ಒದಗಿಸಿದೆ.

ಹೃದಯದ ಬಡಿತಕ್ಕೆ ಕಾರಣವಾದ ವಿದ್ಯುತ್ಪ್ರೇರಣೆಯು ಮೇಲಣ ಬಲಕೋಣೆಯಲ್ಲಿ ಹುಟ್ಟಿ, 1893ರಲ್ಲಿ ವಿಲ್‌ಹೆಲ್ಮ್ ಹಿಸ್ ಎಂಬ ಪಂಡಿತನು ವರ್ಣಿಸಿದ ತಂತುಗಳ ಕಟ್ಟಿನ ಮೂಲಕ ಕೆಳಗಣ ಎರಡು ಕೋಣೆಗಳಿಗೂ ಬಹುಮಟ್ಟಿಗೆ ಏಕಕಾಲದಲ್ಲಿ ಮುಟ್ಟುತ್ತದೆ. ಈ ದಾರಿ ಕೆಟ್ಟಾಗ ಬಡಿತವು ಮಂದವಾಗಿ ಮೂರ್ಛೆಯೂ ಮರಣವೂ ಒದಗಬಹುದು. 1958ರಲ್ಲಿ ಸ್ವೀಡನ್ ದೇಶದಲ್ಲಿ ಎಲ್ಮ್‌ಕ್ವಿಸ್ಟನು ರಚಿಸಿದ ಪೇಸ್‌ಮೇಕರನ್ನು ಸೆನ್ನಿಂಗ್ ಎಂಬ ಶಸ್ತ್ರವೈದ್ಯನು ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗಿರಿಸಿದನು. ಆ ಯಂತ್ರವು ಕೆಲವು ಗಂಟೆಗಳಲ್ಲಿಯೇ ನಿಂತಿತು. ಆದರೂ ಮುಂದೆ ಇಂತಹ ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳ ನೆರವಿನಿಂದ ಲಾರ್ಸನ್ನನು 2001ರವರೆಗೆ ಬಾಳಿದನು.

ಬಹುಕಾಲ ರೂಢಿಯಲ್ಲಿದ್ದ ಕ್ರಮದಲ್ಲಿ ಯಂತ್ರದ ತಂತಿಯನ್ನು ಕೆಳಗಣ ಬಲಕೋಣೆಯ ತುದಿಯಲ್ಲಿ ನಿಲ್ಲಿಸುತ್ತಿದ್ದರು. ಅಲ್ಲಿಂದ ಹೊರಟ ಪ್ರೇರಣೆಯು ಸಹಜಮಾರ್ಗವನ್ನು ಬಿಟ್ಟು ಮಾಂಸದಲ್ಲಿ ಮೆಲ್ಲನೆ ಸಾಗುವುದರಿಂದ ಎಡಕೋಣೆಯು ಹಿಂದೆ ಬೀಳುತ್ತದೆ. ಅನೇಕರು ಇದನ್ನು ಸಹಿಸಿಕೊಂಡರು. ಕೆಲವರಲ್ಲಿಯಾದರೋ ವರ್ಷಗಳು ಕಳೆದಂತೆ ಹೃದಯದ ಶಕ್ತಿಯೇ ಕುಂದಿತು. ಬದುಕಿಸಿದ ಕೈಯೇ ಬಳಲಿಸಿದಂತಾಯಿತು. ಹೃದಯದೌರ್ಬಲ್ಯವುಳ್ಳವರಿಗಾಗಿ ಎರಡು ಕೋಣೆಗಳನ್ನೂ ಜೊತೆಯಾಗಿ ಪ್ರೇರಿಸುವ ಕ್ರಮವು 1990ರ ದಶಕದಲ್ಲಿ ಬಂದಿತು. 2000ರಲ್ಲಿ ಹಿಸ್‌ನ ಕಟ್ಟನ್ನೇ ನಿರಂತರವಾಗಿ ಪ್ರೇರಿಸುವ ಕ್ರಮವೂ, 2017ರಲ್ಲಿ ಚೀನಾ ದೇಶದ ವೈದ್ಯರಿಂದ ಅದರ ಎಡಶಾಖೆಯನ್ನು ಪ್ರೇರಿಸುವ ಕ್ರಮವೂ ಪ್ರಕಟವಾದುವು. ಹೃದಯಕ್ಕೆ ಹೊಸ ದಾರಿಯನ್ನು ವಿಧಿಸದೆ, ಅದರದೇ ದಾರಿಯನ್ನು ಹುಡುಕಿ ಅಲ್ಲಿಗೆ ಬಲವನ್ನು ಸೇರಿಸುವುದೇ ಇವುಗಳ ತತ್ತ್ವ.

ಹಾಗಾದರೆ ಮೊದಲಿನವರು ತಪ್ಪಿದರೆ? ಹಾಗೆನ್ನುವುದು ನ್ಯಾಯವಲ್ಲ. ಮುಳುಗುವವನನ್ನು ಜುಟ್ಟು ಹಿಡಿದೆಳೆದರೂ ಅದು ಉಪಕಾರವೇ. ಆದರೆ ದಡ ಸೇರಿದ ಮೇಲೂ ಜುಟ್ಟನ್ನು ಬಿಡದಿದ್ದರೆ ಅದು ದಾಸ್ಯವಾಗುತ್ತದೆ. ಮಕ್ಕಳನ್ನು ಸಾಕುವ ತಂದೆತಾಯಿಗಳೂ, ಬಡವರಿಗೆ ನೆರವಾಗುವ ಧನಿಕರೂ ಯೋಚಿಸತಕ್ಕ ಮಾತಿದು.

ಪರಸ್ವಭಾವವನ್ನನುಸರಿಸುವುದು ಸುಲಭವೆಂದೂ ತಿಳಿಯಬಾರದು. ಆ ಸೂಕ್ಷ್ಮತಂತುಗಳನ್ನು ಕಂಡುಹಿಡಿಯಲು ಹೆಚ್ಚಿನ ಕುಶಲತೆಯೂ ತಾಳ್ಮೆಯೂ ಬೇಕು. ದಾರಿಯೇ ಹಾಳಾದೆಡೆ ಬೇರೆ ಉಪಾಯವನ್ನೇ ಆಶ್ರಯಿಸಬೇಕು. ಆಜ್ಞೆಗೆ ಬಲ ಸಾಕು. ಅನುಸರಣೆಗೆ ಜ್ಞಾನ ಬೇಕು.

ಯಂತ್ರದಲ್ಲಿ ಇನ್ನೊಂದು ಗುಣವೂ ಉಂಟು. ಹೃದಯವು ತಾನಾಗಿ ಬಡಿದಾಗ ಅದು ಸುಮ್ಮನಿರುತ್ತದೆ. ಬಡಿತವು ತಪ್ಪಿದಾಗ ಮಾತ್ರ ಕೈಕೊಡುತ್ತದೆ. ಬೇಕಾದಾಗ ಒದಗುವವರು ಲೋಕದಲ್ಲಿ ಹಲವರುಂಟು. ಬೇಡವಾದಾಗ ಸುಮ್ಮನಿರಬಲ್ಲ ಉಪಕಾರಿಯು ವಿರಳ.